ಮೊಲ ಅಂದಿದ್ದಕ್ಕೆ ಕಚ್ಚಿದ ಹುಡುಗ

ನನ್ನ ಹತ್ತಿರ ಸಲಹೆ ಕೇಳಲು ಬಂದ ಒಂದು ಮನೆಯವರ ಕಥೆ ಇದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಕರಾವಳಿ ಕಡೆಯ ಮನೆ, ಹುಡುಗನಿಗೆ 10 ವರ್ಷ. ಮನೆಯಲ್ಲಿ ಪೂಜೆ ಇದ್ದ ದಿನ ದೊಡ್ಡಪ್ಪನ ಮಗನ ಕೈಗೆ ಹಲ್ಲಿನ ಗುರುತು ಬೀಳುವ ಹಾಗೆ ಕಚ್ಚಿದ್ದಾನೆ. ಆ ಅಣ್ಣ ಇವನಿಗಿಂತ ನಾಲ್ಕು ವರ್ಷ ದೊಡ್ಡವನು. "ಆ ಪ್ರಾಣಿ ಆಗುವ ಗೇಮ್ ಮೇಡಂ, ಅದನ್ನೇ ಆಡಿ ಆಡಿ ಇವನೂ ಹಾಗೇ ಆಗಿದ್ದಾನೆ" ಅಂತ ಅಮ್ಮ ಕೂತ ತಕ್ಷಣ ಹೇಳಿದರು. ಜೊತೆಗೆ ಬಂದಿದ್ದ ಅಜ್ಜಿ ಸುಮ್ಮನಿರಲಿಲ್ಲ. "ಇವನ ಅಪ್ಪ ಎಷ್ಟು ವರ್ಷ ದಸರಾಕ್ಕೆ ಹುಲಿವೇಷ ಹಾಕಿದ್ದಾನೆ, ಅವನು ಯಾರನ್ನು ಕಚ್ಚಿದ?"

ಆ ಗೇಮ್ ಬ್ಲಡಿ ರೋರ್ 2, ಇಬ್ಬರು ಎದುರುಬದುರು ಹೊಡೆದಾಡುವ ವಿಡಿಯೊ ಗೇಮ್. ಜಪಾನಿನ ಹಡ್ಸನ್ ಕಂಪನಿಯದು, 1999ರಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಅಪ್ಪ ಹುಡುಗನಾಗಿದ್ದಾಗ ವಿಡಿಯೊ ಗೇಮ್ ಪಾರ್ಲರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದ್ದ ಆಟ. ಈಗ ಹಳೇ ಪಿಎಸ್2 (ಪ್ಲೇಸ್ಟೇಷನ್ 2) ಒಂದನ್ನು ತಂದು, ಭಾನುವಾರ ಮಗನ ಜೊತೆ ಕೂರುತ್ತಾರೆ. ಅಮ್ಮ ಇದು ಚಟವಾ ಅಂತ ಕೇಳಿದರು. ವಾರಕ್ಕೊಂದು ಸಲ, ಮುಕ್ಕಾಲು ಗಂಟೆ, ಆಫ್ ಮಾಡು ಅಂದರೆ ಗೊಣಗಿಕೊಂಡಾದರೂ ಆಫ್ ಮಾಡುತ್ತಾನೆ. ಚಟ ಅನ್ನಬೇಕಾದರೆ ಕೈ ಮೀರಿ ಹೋಗಿರಬೇಕು, ಊಟ ನಿದ್ದೆ ಶಾಲೆ ಎಲ್ಲ ಹಿಂದೆ ಬಿದ್ದಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ. ಇಲ್ಲಿ ಅದು ಯಾವುದೂ ಇಲ್ಲ.

ಎರಡನೇ ಭೇಟಿಯಲ್ಲಿ ನಾನೊಂದು ಜಾಣತನ ತೋರಿಸಲು ಹೋದೆ. ಆಟದಲ್ಲಿ ಪರದೆಯ ಮೇಲೆ ತುಂಬುತ್ತಾ ಹೋಗುವ ಒಂದು ಪಟ್ಟಿ ಇರುತ್ತದೆ, ಬೀಸ್ಟ್ ಗೇಜ್. ಹೊಡೆದರೂ ತುಂಬುತ್ತದೆ, ಹೊಡೆತ ತಿಂದರೂ ತುಂಬುತ್ತದೆ, ತುಂಬಿದ ಮೇಲೆ ಬಟನ್ ಒತ್ತಿದರೆ ಮನುಷ್ಯ ಪ್ರಾಣಿ ಆಗುತ್ತಾನೆ. "ಅದು ನಿನ್ನ ಕೋಪದ ಹಾಗೆ ಅಲ್ವಾ ಪುಟ್ಟ?" ಅಂದೆ. ಅವನು ನನ್ನ ಮುಖ ನೋಡಿ, "ಕೋಪ ಅಲ್ಲ ಮೇಡಂ. ಪ್ರಾಣಿ ಆದ್ರೆ ಹೋದ ಲೈಫ್ ಸ್ವಲ್ಪ ವಾಪಸ್ ಬರುತ್ತೆ" ಅಂದ.

ಹೋದದ್ದು ಏನು, ವಾಪಸ್ ಬರಬೇಕಾದದ್ದು ಏನು ಅಂತ ಹುಡುಕಿದಾಗ ವಿಷಯ ಸಿಕ್ಕಿತು. ಅವನು ಯಾವಾಗಲೂ ಆರಿಸುವುದು ಆಲಿಸ್. ಈ ಆಟದಲ್ಲಿ ಅವಳು ನರ್ಸ್, ಬದಲಾದರೆ ಮೊಲ. ಎಗರಿ ಒದೆಯುವ ಮೊಲ, ಸಾಧು ಏನಲ್ಲ. ಅಪ್ಪನದು ಲಾಂಗ್ ಅನ್ನುವವನು, ಬದಲಾದರೆ ಹುಲಿ (ಬೇರೆ ಏನು ಆರಿಸಿಯಾರು!). ಪ್ರತಿ ಸಲ ಗೆದ್ದಾಗ ಅಪ್ಪ "ಏನೋ ಮೊಲ, ಆಯ್ತಾ?" ಅಂತ ನಗುತ್ತಾರೆ. ಆ ಹೆಸರು ಮನೆ ತುಂಬ ಹರಡಿ, ಪೂಜೆ ದಿನ ಎಲೆ ಮುಂದೆ ಕೂತಾಗ ಅಣ್ಣನ ಬಾಯಲ್ಲೂ ಬಂತು, ಅದೂ ಕ್ಯಾರೆಟ್ ಕೋಸಂಬರಿ ಬಡಿಸುವ ಹೊತ್ತಿಗೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

ಅಪ್ಪನಿಗೆ ನಾನು ನೇರವಾಗಿ ಹೇಳಿದೆ. ಆಟ ನಿಲ್ಲಿಸಿದರೆ ಮಗನಿಗೆ ನಿಮ್ಮ ಜೊತೆ ಸಿಗುವ ಆ ಒಂದು ಹೊತ್ತೂ ಹೋಗುತ್ತದೆ. ಆದರೆ ಆ ಹೆಸರು ಇವತ್ತಿಗೇ ನಿಲ್ಲಬೇಕು, ನೀವು ಮಗನಿಗೆ ತಪ್ಪಾಯ್ತು ಅಂತ ಹೇಳುವುದೂ ಅಣ್ಣನ ಎದುರೇ ಆಗಬೇಕು. ಸುಮ್ನೆ ಸೋತು ಕೊಡಬೇಡಿ, ಮಕ್ಕಳಿಗೆ ಗೊತ್ತಾಗುತ್ತದೆ. ಆ ಮೊಲದ ಒದೆ ಹೇಗೆ ಹಾಕುವುದು ಅಂತ ಅವನನ್ನೇ ಕೇಳಿ ಕಲಿಯಿರಿ. ಇನ್ನೊಂದು, ಅಮೆರಿಕದ ರೇಟಿಂಗ್ ಪ್ರಕಾರ ಈ ಆಟ 13 ವರ್ಷ ಮೇಲ್ಪಟ್ಟವರಿಗೆ. ಹಾಗಾಗಿ ಪಕ್ಕದಲ್ಲಿ ನೀವಿಲ್ಲದೆ ಆಡುವುದು ಬೇಡ.

ಹುಡುಗನಿಗೂ ರಿಯಾಯಿತಿ ಕೊಡಲಿಲ್ಲ. ಕಚ್ಚಿದ್ದು ತಪ್ಪೇ, ಅಣ್ಣನ ಹತ್ತಿರ ನೀನೇ ಹೋಗಿ ಹೇಳಬೇಕು ಅಂದೆ. ಮತ್ತೆ ಹಾಗೆ ಅನ್ನಿಸಿದರೆ ಎಲ್ಲಿ ಹೋಗ್ತೀಯ ಅಂತ ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, "ಬಾವಿಕಟ್ಟೆ" ಅಂದ. ಆಗಲಿ ಅಂದೆವು. ಬಾವಿಗೆ ಬಲೆ ಹಾಕಿದೆ ಅಂತ ಅಮ್ಮನ ಹತ್ತಿರ ಕೇಳಿ ಖಚಿತ ಮಾಡಿಕೊಂಡೆ.

ತಿಂಗಳ ನಂತರ ಬಂದಿದ್ದರು. ಅಪ್ಪ ಕ್ಷಮೆ ಕೇಳಿದ್ದಾರೆ, ಅರ್ಧ ಮಾತು ನುಂಗಿಕೊಂಡು. ಹುಡುಗ ಎರಡು ಸಲ ಬಾವಿಕಟ್ಟೆಗೆ ಹೋಗಿ ಬಂದಿದ್ದಾನೆ. ಈಗಲೂ ಆಲಿಸ್‌ನೇ ಆಡುತ್ತಾನೆ, ಈಗಲೂ ಜಾಸ್ತಿ ಸೋಲುತ್ತಾನೆ. ಅಣ್ಣ ಮಾತ್ರ ಇನ್ನೂ ಆ ಮನೆಗೆ ಬಂದಿಲ್ಲ.