ಮೂರು ವರ್ಷದ ಡಿಗ್ರಿಯೋ, ನಾಲ್ಕು ವರ್ಷದ ಆನರ್ಸೋ?

ಪ್ರಶ್ನೆ: ಮಗಳು ದ್ವಿತೀಯ ಪಿಯು ಕಲಾ ವಿಭಾಗದಲ್ಲಿದ್ದಾಳೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಆನರ್ಸ್ ಓದುತ್ತೇನೆ ಎನ್ನುತ್ತಾಳೆ. ಇಲ್ಲಿನ ಕಾಲೇಜಿನಲ್ಲಾದರೆ ಮೂರೇ ವರ್ಷಕ್ಕೆ ಬಿ.ಎ. ಮುಗಿಯುತ್ತದೆ. ಒಂದು ವರ್ಷ ಹೆಚ್ಚಿಗೆ ಓದಿಸಿ ಏನು ಪ್ರಯೋಜನ?
– ಒಬ್ಬ ತಂದೆ, ಆಳಂದ

ಉತ್ತರ: ಪಿಯು ಆದಮೇಲೆ ಮಗಳು ಏನಾಗಬೇಕು ಅಂದುಕೊಂಡಿದ್ದಾಳೆ, ಅದನ್ನು ಮೊದಲು ಕೇಳಿ. ಪಿಡಿಒ, ಎಫ್‌ಡಿಎ, ಕೆಎಎಸ್, ಬಿ.ಇಡಿ. ಇವಕ್ಕೆಲ್ಲ ಮೂರು ವರ್ಷದ ಪದವಿ ಸಾಕು. ಅವಳ ಮನಸ್ಸು ಅಲ್ಲಿದ್ದರೆ ನಾಲ್ಕನೇ ವರ್ಷ ಕಡ್ಡಾಯವಲ್ಲ. ಎಂ.ಎ., ಪಿಎಚ್.ಡಿ., ಕಾಲೇಜು ಅಧ್ಯಾಪಕಿ ಎಂಬ ದಾರಿಯಾದರೆ ಲೆಕ್ಕ ಬೇರೆ. ಮೂರು ವರ್ಷದ ಬಿ.ಎ.ಗೆ ಎರಡು ವರ್ಷದ ಎಂ.ಎ. ಸೇರಿಸಿದರೆ ಐದು ವರ್ಷ. ನಾಲ್ಕು ವರ್ಷದ ಆನರ್ಸಿಗೆ ಒಂದು ವರ್ಷದ ಎಂ.ಎ. ಸೇರಿಸಿದರೂ ಐದೇ. ಆದರೆ ಅವಳ ವಿಷಯದಲ್ಲಿ ಒಂದು ವರ್ಷದ ಎಂ.ಎ. ಎಲ್ಲಿ ಇದೆ ಎಂದು ಈಗಲೇ ವಿಚಾರಿಸಿ. ಎರಡು ವರ್ಷದ್ದೇ ಸಿಕ್ಕರೆ ಒಟ್ಟು ಆರು ವರ್ಷವಾಗುತ್ತದೆ.

ಈ ಗೊಂದಲಕ್ಕೆ ಕಾರಣವಿದೆ. ನಮ್ಮ ರಾಜ್ಯ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದು, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಬಂತು. ಹೀಗಾಗಿ ಗುಲ್ಬರ್ಗ, ಬೀದರ್, ರಾಯಚೂರು ವಿಶ್ವವಿದ್ಯಾಲಯಗಳ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಈಗ ಮೂರು ವರ್ಷದ್ದು. ಯಾದಗಿರಿ ಜಿಲ್ಲೆಯ ಡಿಗ್ರಿ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯಕ್ಕೆ (ಈಗಿನ ಹೆಸರು ಆದಿಕವಿ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ) ಸೇರುತ್ತವೆ. ಕೇಂದ್ರೀಯ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಪದವಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಂತೆ ನಡೆಯುತ್ತದೆ: ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ತಾಸು ಪಾಠ, ಲ್ಯಾಬ್ ಆದರೆ ಎರಡು ತಾಸು. ಸೆಮಿಸ್ಟರಿಗೆ 20 ಕ್ರೆಡಿಟ್ ಇರುವುದರಿಂದ ವಾರಕ್ಕೆ ಇಪ್ಪತ್ತು ತಾಸಿಗೆ ಕಡಿಮೆಯಿಲ್ಲದ ತರಗತಿ ಇರುತ್ತದೆ. ಬಸ್ಸಿನಲ್ಲಿ ಓಡಾಡಿ ಓದುವ ಯೋಚನೆಯಿದ್ದರೆ ಇದು ಗಮನದಲ್ಲಿರಲಿ.

ನಾಲ್ಕು ವರ್ಷದ ಪದವಿಗೆ ಸೇರಿದವಳು ಮೂರನೇ ವರ್ಷದ ಕೊನೆಗೆ ಬಿ.ಎ. ಪಡೆದು ಹೊರಬರಬಹುದು. ಆದ್ದರಿಂದ ನಾಲ್ಕನೇ ವರ್ಷದ ತೀರ್ಮಾನವನ್ನು ಇವತ್ತೇ ಮಾಡಬೇಕಿಲ್ಲ. ಮೊದಲ ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ ಕೊಡುತ್ತಾರೆ. ಅದಕ್ಕೂ 4 ಕ್ರೆಡಿಟ್‌ನ ವೃತ್ತಿ ಕೋರ್ಸ್ ಅಥವಾ ಇಂಟರ್ನ್‌ಶಿಪ್ ಮುಗಿಸಿರಬೇಕು. ಆದರೆ ಆ ಕಾಗದ ಪದವಿಯಲ್ಲ, ಪದವಿ ಕೇಳುವ ಯಾವ ಹುದ್ದೆಗೂ ನಡೆಯುವುದಿಲ್ಲ. ಬಿಟ್ಟವರು ಮೂರು ವರ್ಷದೊಳಗೆ ಮರಳಿ ಸೇರಿ, ಒಟ್ಟು ಏಳು ವರ್ಷದೊಳಗೆ ಪದವಿ ಮುಗಿಸಬಹುದು. ಮದುವೆಯ ಮಾತು ಬಂದಾಗ ಓದು ನಿಂತೇಹೋಯಿತು ಎಂದುಕೊಳ್ಳುವ ಹೆಣ್ಣುಮಕ್ಕಳಿಗೆ ಈ ಅವಕಾಶ ಗೊತ್ತಿರಬೇಕು.

ಪ್ರಶ್ನೆ: 'ಆನರ್ಸ್' ಮತ್ತು 'ಸಂಶೋಧನೆಯೊಂದಿಗೆ ಆನರ್ಸ್' ಬೇರೆ ಬೇರೆಯೇ? ಒಳ್ಳೆಯ ವಿಭಾಗವನ್ನು ಗುರುತಿಸುವುದು ಹೇಗೆ?
– ವಿದ್ಯಾರ್ಥಿನಿ, ಶಹಾಪುರ

ಉತ್ತರ: ಬೇರೆಯೇ, ತಂಗಿ. ಎರಡಕ್ಕೂ 160 ಕ್ರೆಡಿಟ್. ಸಂಶೋಧನೆಯದ್ದರಲ್ಲಿ ನಾಲ್ಕನೇ ವರ್ಷ 12 ಕ್ರೆಡಿಟ್‌ನ ಪ್ರಬಂಧ ಬರೆಯಬೇಕು, ಇನ್ನೊಂದರಲ್ಲಿ ಅದರ ಬದಲು ಮೂರು ಪೇಪರ್. ಸಂಶೋಧನೆಗೆ ಹೋಗಲು ಮೊದಲ ಆರು ಸೆಮಿಸ್ಟರುಗಳಲ್ಲಿ 75% ಇರಬೇಕು.

ಹೆಚ್ಚಿನವರು ಎಡವುವುದು ಮೊದಲ ಸೆಮಿಸ್ಟರಿನಲ್ಲಿ. ಹಾಸ್ಟೆಲ್ ಹೊಸದು, ಪಾಠ ಇಂಗ್ಲಿಷಿನಲ್ಲಿ, ಅಂಕ 60ಕ್ಕೆ ಇಳಿಯುತ್ತದೆ. ಮುಂದಿನ ಐದರಲ್ಲೂ 76 ತೆಗೆದರೆ ಸರಾಸರಿ 73.3 ಮಾತ್ರ. 75 ಮುಟ್ಟಲು ಆ ಐದರಲ್ಲೂ 78 ಬೇಕು. ಕನ್ನಡ ಮಾಧ್ಯಮದಿಂದ ಬಂದಿದ್ದರೆ ಪಿಯು ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ನಿಮ್ಮ ವಿಷಯದ ಎನ್‌ಸಿಇಆರ್‌ಟಿ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ, ದಿನಕ್ಕೊಂದು ಪುಟ ನಿಮ್ಮದೇ ಮಾತಿನಲ್ಲಿ ಬರೆಯಿರಿ. ವಿಷಯ ಮೊದಲೇ ಗೊತ್ತಿರುವುದರಿಂದ ಭಾಷೆಯ ಕಡೆಗಷ್ಟೇ ಗಮನ ಕೊಟ್ಟರೆ ಸಾಕು.

ಇನ್ನು ವಿಭಾಗ. ಕಟ್ಟಡ ನೋಡಿ ಮರುಳಾಗಬೇಡಿ. ಸಂಶೋಧನಾ ಆನರ್ಸ್ ನಡೆಸಲು ಪಿಎಚ್.ಡಿ. ಮಾರ್ಗದರ್ಶನಕ್ಕೆ ಮಾನ್ಯತೆ ಪಡೆದ ಕಾಯಂ ಅಧ್ಯಾಪಕರು ಕನಿಷ್ಠ ಇಬ್ಬರಿರಬೇಕು ಎನ್ನುತ್ತದೆ ಯುಜಿಸಿ. ವಿಭಾಗಕ್ಕೆ ಹೋಗಿ ನೇರವಾಗಿ ಕೇಳಿ: ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು? ಏಳನೇ ಸೆಮಿಸ್ಟರಿನಲ್ಲಿ ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ? ಕಳೆದ ವರ್ಷದ ಪ್ರಬಂಧಗಳನ್ನು ತೋರಿಸುತ್ತೀರಾ? ಪ್ರಬಂಧ ತೋರಿಸುವ ವಿಭಾಗದಲ್ಲಿ ಕೆಲಸ ನಡೆದಿದೆ ಎಂದು ನಂಬಬಹುದು. ಏಳನೇ ಸೆಮಿಸ್ಟರಿನಲ್ಲಿ ಯಾರೂ ಇಲ್ಲವೆಂದರೆ ನಾಲ್ಕನೇ ವರ್ಷ ಅಲ್ಲಿ ಬರೀ ಹೆಸರಿಗಿರಬಹುದು, ಕಾರಣ ಕೇಳಿ ತಿಳಿದುಕೊಳ್ಳಿ.

ನಾಲ್ಕು ವರ್ಷದ ಪದವಿಯಲ್ಲಿ 75% ಇದ್ದವರು ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು. ಪರಿಶಿಷ್ಟ ಜಾತಿ, ಪಂಗಡ, ಒಬಿಸಿ, ಅಂಗವಿಕಲರು ಮತ್ತು ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಅಭ್ಯರ್ಥಿಗಳಿಗೆ ಇಲ್ಲಿ 5% ರಿಯಾಯಿತಿ ಇದೆ.

ಪ್ರಶ್ನೆ: ಕೇಂದ್ರೀಯ ವಿಶ್ವವಿದ್ಯಾಲಯ ಸೇರಲು ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಯಾವ ದಾಖಲೆ ಬೇಕು? ನಮ್ಮದು 3ಬಿ.
– ವಿದ್ಯಾರ್ಥಿ, ಹುಮನಾಬಾದ್

ಉತ್ತರ: ದಾಖಲೆಯ ಕೆಲಸಕ್ಕೆ ಈಗಲೇ ಕೈ ಹಾಕಿ. ಪ್ರತಿಭೆಯಿದ್ದೂ ಸೀಟು ತಪ್ಪುವುದು ಇಲ್ಲಿಯೇ. 2ಎ, 3ಎ, 3ಬಿ ಎಂಬುವು ರಾಜ್ಯದ ಪಟ್ಟಿಯವು, ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅವು ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ಅಕ್ಷರಶಃ ಇದೆಯೇ ನೋಡಿ. ಇದ್ದರೆ ನಾಡಕಚೇರಿಯಲ್ಲಿ 'ಕೇಂದ್ರ ಸರ್ಕಾರದ ನಮೂನೆ' ಎಂದೇ ಹೇಳಿ ಅರ್ಜಿ ಹಾಕಿ. ಇಲ್ಲದಿದ್ದರೆ ಇಡಬ್ಲ್ಯೂಎಸ್‌ಗೆ ಅರ್ಹರಾಗಬಹುದು: ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ, ಹೊಲ 5 ಎಕರೆಗಿಂತ ಕಡಿಮೆ ಇರಬೇಕು. ಆರು ಎಕರೆ ಒಣಬೇಸಾಯದ ತೊಗರಿ ಹೊಲದಲ್ಲಿ ಎಷ್ಟು ಕಡಿಮೆ ಹುಟ್ಟಿದರೂ ಈ ಪ್ರಮಾಣಪತ್ರ ಸಿಗದು, ಆದ್ದರಿಂದ ಪಹಣಿ ಮೊದಲು ನೋಡಿಕೊಳ್ಳಿ. ಪ್ರಮಾಣಪತ್ರದ ದಿನಾಂಕವೂ ಮುಖ್ಯ. ಸಾಮಾನ್ಯವಾಗಿ ಪ್ರವೇಶದ ವರ್ಷದ ಏಪ್ರಿಲ್ 1ರ ನಂತರದ್ದನ್ನೇ ಕೇಳುತ್ತಾರೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಆಧಾರ್ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ಣ ಹೆಸರು ಇರುವುದು ನಮ್ಮ ಕಡೆ ಸಾಮಾನ್ಯ, ತಿದ್ದಿಸಲು ವಾರಗಟ್ಟಲೆ ಹಿಡಿಯುತ್ತದೆ.

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಅರ್ಜಿಯಲ್ಲೇ ಆರಿಸಿಕೊಳ್ಳಬೇಕು. 2025ರಿಂದ ಗರಿಷ್ಠ ಐದು ವಿಷಯ, ಒಂದೊಂದಕ್ಕೆ 60 ನಿಮಿಷ, 50 ಪ್ರಶ್ನೆ. ಸರಿಯುತ್ತರಕ್ಕೆ 5 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಯಾವ ಕೋರ್ಸಿಗೆ ಯಾವ ಪೇಪರ್ ಬೇಕೆಂದು ಪ್ರತಿ ವಿಶ್ವವಿದ್ಯಾಲಯ ಪಟ್ಟಿ ಕೊಡುತ್ತದೆ. ಅದನ್ನು ನೋಡಿಯೇ ವಿಷಯ ತುಂಬಿ. ಫಲಿತಾಂಶ ಬಂದ ಮೇಲೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಅಂಕ ಬಂತು, ಅವರೇ ಕರೆಯುತ್ತಾರೆ ಎಂದು ಕಾಯುತ್ತ ಕುಳಿತರೆ ಸೀಟು ಕೈತಪ್ಪುತ್ತದೆ.

ಪ್ರಶ್ನೆ: ಬಿ.ಎಸ್ಸಿ. (ಆನರ್ಸ್) ಕೃಷಿ ಕೂಡ ಇದೇ ರೀತಿಯದ್ದೇ?
– ವಿದ್ಯಾರ್ಥಿ, ಸುರಪುರ

ಉತ್ತರ: ಅಲ್ಲ. ಅಲ್ಲಿ ಆನರ್ಸ್ ಪದವಿಯ ಹೆಸರಿನಲ್ಲೇ ಇದೆ, ಎಲ್ಲರಿಗೂ ನಾಲ್ಕು ವರ್ಷ. ನಿಮಗೆ ಹತ್ತಿರದ್ದು ಭೀಮರಾಯನಗುಡಿಯ ಕೃಷಿ ಕಾಲೇಜು, ಕಲಬುರಗಿಯಲ್ಲೂ ಒಂದಿದೆ. ಎರಡೂ ರಾಯಚೂರು ಕೃಷಿ ವಿಶ್ವವಿದ್ಯಾಲಯದವು. ಪ್ರವೇಶ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಕೆಸಿಇಟಿ ಮೂಲಕ. ಕೃಷಿಕ ಕೋಟಾ ಕೇಳುವುದಾದರೆ ಪ್ರಾಯೋಗಿಕ ಪರೀಕ್ಷೆಗೂ ಹೆಸರು ಕೊಡಿ. ಸಹಾಯಕ ಆಯುಕ್ತರ ಕಚೇರಿಯಿಂದ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ.