ಅಮೆರಿಕದಲ್ಲಿ ಎಂ.ಎಸ್.: ಹೆಸರುವಾಸಿ ವಿಶ್ವವಿದ್ಯಾಲಯವೋ, ಕಡಿಮೆ ಖರ್ಚಿನದೋ?
ಒಂದು ವರ್ಷದಲ್ಲಿ ಮುಗಿಯುವ, 55 ಲಕ್ಷ ಬೇಡುವ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯ ಒಂದೆಡೆ. ಎರಡು ವರ್ಷದ, 35 ಲಕ್ಷದ ರಾಜ್ಯ ವಿಶ್ವವಿದ್ಯಾಲಯ ಇನ್ನೊಂದೆಡೆ. ಮೂರ್ನಾಲ್ಕು ವರ್ಷ ಅಲ್ಲೇ ದುಡಿದು, ಸಾಲ ತೀರಿಸಿ ಊರಿಗೆ ಮರಳುವ ಆಸೆ. ನಿಮ್ಮ ಪ್ರಶ್ನೆ ಓದಿದಾಗ 2017ರ ಏಪ್ರಿಲ್‌ನಲ್ಲಿ ಮೈಸೂರಿನ ಮನೆಯಲ್ಲಿ ಇಂಥವೇ ಎರಡು ಪ್ರವೇಶ ಪತ್ರಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದ ನನ್ನನ್ನೇ ಕಂಡಂತಾಯಿತು.

ನಾನು ಆರಿಸಿಕೊಂಡದ್ದು ಮೊದಲನೆಯದನ್ನು. ಆ ಹೆಸರು ಹೇಳಿದರೆ ನೆಂಟರಿಷ್ಟರಿಗೆಲ್ಲ ಗೊತ್ತಾಗುತ್ತಿತ್ತು, ಜೊತೆಗೆ ಒಂದು ವರ್ಷ ಉಳಿಯುತ್ತದೆ ಎಂಬ ಲೆಕ್ಕಾಚಾರ ಬೇರೆ. ನಿವೃತ್ತಿಯ ನಂತರ ಮನೆ ಕಟ್ಟಿಸಲೆಂದು ಅಪ್ಪ ಇಟ್ಟುಕೊಂಡಿದ್ದ ನಿವೇಶನವನ್ನು ಬ್ಯಾಂಕಿಗೆ ಅಡಮಾನ ಮಾಡಿ 38 ಲಕ್ಷ ಸಾಲ ತೆಗೆದೆವು.

ನಾನು ಎಡವಿದ್ದು, ವಿದ್ಯಾರ್ಥಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದ ಮೊದಲ ಪುಟದಲ್ಲಿ. ಅಲ್ಲಿ ಕೋರ್ಸಿನ ಹೆಸರಿನ ಪಕ್ಕದಲ್ಲೇ ಆರು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದನ್ನು ಸಿಐಪಿ ಕೋಡ್ ಎನ್ನುತ್ತಾರೆ. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದ ಆಧಾರದಲ್ಲೇ ಕೆಲಸ ಮಾಡಲು ಸಿಗುವ ಒಪಿಟಿ ಅವಕಾಶ ಸಾಮಾನ್ಯವಾಗಿ 12 ತಿಂಗಳದ್ದು. ಆ ಸಂಖ್ಯೆ ಅಮೆರಿಕ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸೇರಿಸಿಕೊಳ್ಳಬಹುದು. ನನ್ನ ಕೋರ್ಸಿನದು 52.1201, ಅಂದರೆ ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಗುಂಪಿಗೆ ಸೇರಿದ್ದು, ಅದು ಪಟ್ಟಿಯಲ್ಲಿರಲಿಲ್ಲ. ನಾನು ಬೇಡವೆಂದು ಬಿಟ್ಟ ಇನ್ನೊಂದು ಕೋರ್ಸಿನದು 11.0401, ಕಂಪ್ಯೂಟರ್ ಗುಂಪಿನದು, ಅದು ಪಟ್ಟಿಯಲ್ಲಿತ್ತು. ಡೇಟಾಬೇಸ್, ಡೇಟಾ ಮೈನಿಂಗ್, ಸಿಸ್ಟಮ್ ಡಿಸೈನ್ ಹೀಗೆ ಎರಡರಲ್ಲೂ ಪಾಠಗಳು ಹೆಚ್ಚುಕಡಿಮೆ ಒಂದೇ. ವೀಸಾ ಸಂದರ್ಶನಕ್ಕೆಂದು ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಚೆನ್ನೈಗೆ ಹೋಗುವಾಗ ಆ ಹಾಳೆ ಮಡಿಕೆ ಬೀಳಬಾರದೆಂದು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ರಾತ್ರಿಯಿಡೀ ತಲೆದಿಂಬಿನ ಕೆಳಗೆ ಜೋಪಾನ ಮಾಡಿದವನು ನಾನು. ಆ ಸಂಖ್ಯೆಯಿದ್ದ ಸಾಲನ್ನು ಮಾತ್ರ ಓದಲಿಲ್ಲ. ಅದರ ಅರ್ಥವನ್ನು ತಿಳಿಸಿದವನು ಎರಡನೆಯ ಸೆಮಿಸ್ಟರಿನಲ್ಲಿ ನನ್ನ ರೂಮಿನಲ್ಲಿದ್ದ ತೆಲುಗು ಹುಡುಗ, ಅದೂ ಪಾತ್ರೆ ತೊಳೆಯುತ್ತಾ, ಯಾವುದೋ ಮಾತಿನ ನಡುವೆ.

24 ತಿಂಗಳಿಗೆ ಇಷ್ಟು ಬೆಲೆ ಏಕೆಂದರೆ, ಒಪಿಟಿ ಮುಗಿದ ಮೇಲೂ ಅಲ್ಲೇ ದುಡಿಯಲು ಬೇಕಾಗುವ ಎಚ್-1ಬಿ ಎಂಬ ಕೆಲಸದ ವೀಸಾಗಳು ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮೇಲೆ 20,000. ಅರ್ಜಿಗಳು ಅದಕ್ಕಿಂತ ಬಹಳ ಹೆಚ್ಚಾಗಿ ಬರುವುದರಿಂದ ವರ್ಷಕ್ಕೊಮ್ಮೆ ಲಾಟರಿ ಎತ್ತುತ್ತಾರೆ. 36 ತಿಂಗಳಿದ್ದವರಿಗೆ ಕನಿಷ್ಠ ಮೂರು ಸಲ ಅದೃಷ್ಟ ನೋಡಿಕೊಳ್ಳಲು ಆಗುತ್ತದೆ. ನನಗೆ ಸಿಕ್ಕಿದ್ದು 2019ರ ಏಪ್ರಿಲ್‌ನ ಒಂದೇ ಸಲ, ಅದರಲ್ಲಿ ಬರಲಿಲ್ಲ. ಜುಲೈ ಮುಗಿಯುವಷ್ಟರಲ್ಲಿ ಬೆಂಗಳೂರಿನಲ್ಲಿದ್ದೆ. ಅಮೆರಿಕದಲ್ಲಿ ದುಡಿದ ಒಂದು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಕಟ್ಟಿದ್ದೆನಾದರೂ, ಓದುವಾಗ ಸದ್ದಿಲ್ಲದೆ ಬೆಳೆದ ಬಡ್ಡಿಯೂ ಅಸಲಿಗೆ ಸೇರಿ ಬೆಂಗಳೂರಿನಲ್ಲಿ ಕೈಗೆ ಬರುತ್ತಿದ್ದ 82,000 ಸಂಬಳದಲ್ಲಿ ತಿಂಗಳಿಗೆ 47,000 ಕಂತಿಗೇ ಹೋಗುತ್ತಿತ್ತು. ನಿವೇಶನ ಇವತ್ತಿಗೂ ಖಾಲಿಯಾಗಿಯೇ ಇದೆ.

ಆದ್ದರಿಂದ ಯಾವ ವಿಶ್ವವಿದ್ಯಾಲಯಕ್ಕೆ ಬೆಲೆ ಹೆಚ್ಚು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ ಬೆಲೆಯನ್ನು ಕಟ್ಟುವವರು ನಿಮ್ಮ ನೆಂಟರು, ಕಂತು ಕಟ್ಟುವವರು ನೀವು. ಮೂರ್ನಾಲ್ಕು ವರ್ಷ ಅಲ್ಲೇ ದುಡಿಯುತ್ತೇನೆ ಎಂಬುದೂ ನಿಮ್ಮ ಕೈಯಲ್ಲಿರುವ ಮಾತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ಎಷ್ಟು ಜನರ ಲೆಕ್ಕ ಒಂದೇ ರಾತ್ರಿಯಲ್ಲಿ ತಲೆಕೆಳಗಾಯಿತು ಎಂಬುದನ್ನು ನೀವೂ ನೋಡಿರುತ್ತೀರಿ. ಸಾಲದ ಲೆಕ್ಕವನ್ನು ಬೆಂಗಳೂರಿನ ಸಂಬಳದಲ್ಲಿ ಹಾಕಿ. 55 ಲಕ್ಷ ಆ ಸಂಬಳದಲ್ಲಿ ತೀರದು ಎಂದಾದರೆ ಆ ಪತ್ರವನ್ನು ಬದಿಗಿಡಿ. 35 ಲಕ್ಷವೂ ತೀರದು ಎನಿಸಿದರೆ ಗೇಟ್ ಪ್ರವೇಶ ಪರೀಕ್ಷೆ ಬರೆದು, ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಪಡೆಯುತ್ತಾ ಇಲ್ಲೇ ಎಂ.ಟೆಕ್. ಮಾಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಸೀಟು ಖಾತ್ರಿಯ ಮುಂಗಡ ಕಟ್ಟುವುದಕ್ಕೆ ಮೊದಲು ಎರಡೂ ಕಡೆಯ ಪ್ರವೇಶ ವಿಭಾಗಕ್ಕೆ ಇಂದೇ ಮೇಲ್ ಕಳಿಸಿ, ನಿಮ್ಮ ಕೋರ್ಸಿನ ಸಿಐಪಿ ಕೋಡ್ ಯಾವುದೆಂದು ಬರವಣಿಗೆಯಲ್ಲೇ ಕೇಳಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದರೆ ಒಪ್ಪಬೇಡಿ.