ಒಣ ಕಸದ ಶೆಡ್‌ಗೆ ಬೇಲಿಂಗ್ ಮಷಿನ್ ತಗೊಳ್ಳಬೇಕೇ?

ನಾಲ್ಕು ಸಾವಿರ ಜನರ ಪಂಚಾಯಿತಿ, ಹಳೇ ತಗಡಿನ ಶೆಡ್, ಬಂದಿರುವ ಹಣದಲ್ಲಿ ಬೇಲಿಂಗ್ ಮಷಿನ್, ಅಂದರೆ ಒಣ ಕಸವನ್ನು ಅಮುಕಿ ಬಿಗಿಯಾದ ಕಟ್ಟು (ಬೇಲ್) ಮಾಡುವ ಯಂತ್ರ, ತಗೊಳ್ಳೋಣವೇ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆ ಕಡೆಯವನು. ಗೋವಾದ ಬಾರ್ದೇಸ್ ತಾಲೂಕಿನ ಒಂದು ಪಂಚಾಯಿತಿ ಶೆಡ್‌ನಲ್ಲಿ ಒಣ ಕಸ ವಿಂಗಡಿಸುವ ಕೆಲಸ ನೋಡಿಕೊಳ್ಳುತ್ತೇನೆ. ನನ್ನ ಉತ್ತರ: ಮಷಿನ್ ಈಗ ಬೇಡ. ಮಾರಾಟವಾಗದ ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಬಾಟಲಿ, ರಟ್ಟು, ಕಬ್ಬಿಣ, ಹಾಲಿನ ಪಾಕೀಟನ್ನು ಗುಜರಿಯವರು ಬಾಗಿಲಿಗೇ ಬಂದು ಒಯ್ಯುತ್ತಾರೆ. ಚಿಪ್ಸ್ ಪಾಕೀಟು, ಗುಟ್ಕಾ ಚೀಟಿ, ಹರಿದ ಚಪ್ಪಲಿ ಯಾರಿಗೂ ಬೇಡ. ಶೆಡ್ ತುಂಬುವುದು ಇವುಗಳಿಂದಲೇ. ತುಂಬಿದ ಮೇಲೆ ಗಾಡಿಯವರು ತಂದದ್ದನ್ನು ಅಂಗಳದಲ್ಲಿ ಸುರಿಯುತ್ತಾರೆ, ಒಂದು ರಾತ್ರಿ ಯಾರೋ ಬೆಂಕಿ ಹಚ್ಚುತ್ತಾರೆ. ಗೋವಾದ ಇಂಥ ಪ್ಲಾಸ್ಟಿಕ್ ಬೇಲ್ ಆಗಿ ಕರ್ನಾಟಕದ ಸಿಮೆಂಟ್ ಕಾರ್ಖಾನೆಗಳಿಗೇ ಹೋಗುತ್ತದೆ, ಅಲ್ಲಿ ಕಲ್ಲಿದ್ದಲಿನ ಜೊತೆ ಉರಿಯುತ್ತದೆ. ಅಂದರೆ ಆ ದಾರಿ ನಮಗಿಂತ ನಿಮಗೇ ಹತ್ತಿರ. ಆದರೆ ಒದ್ದೆ ಮಾಲು ಅವರಿಗೆ ಬೇಡ, ಪಿವಿಸಿಯೂ ಬೇಡ. ಪಿವಿಸಿ ಅಂದರೆ ಪೈಪು, ರೆಕ್ಸಿನ್‌ಗೆ ಬಳಸುವ ಪ್ಲಾಸ್ಟಿಕ್; ಅದರಲ್ಲಿರುವ ಕ್ಲೋರಿನ್‌ನಿಂದ ಸಿಮೆಂಟ್ ಸುಡುವ ಗೂಡಿನಲ್ಲಿ ಪದರ ಕಟ್ಟಿಕೊಳ್ಳುತ್ತದೆ. ಹಳೇ ಪೈಪು, ರೆಕ್ಸಿನ್ ಬೇರೆ ತೆಗೆದಿಡಿ.

ಲೆಕ್ಕಕ್ಕೆ ಬರೋಣ. 2020ರಲ್ಲಿ ಬಂದ ಸ್ವಚ್ಛ ಭಾರತ ಗ್ರಾಮೀಣ 2ನೇ ಹಂತದ ಮಾರ್ಗಸೂಚಿಯಲ್ಲಿ 5,000ದವರೆಗೆ ಜನ ಇರುವ ಊರಿಗೆ ಘನತ್ಯಾಜ್ಯಕ್ಕೆ ತಲೆಗೆ 60 ರೂಪಾಯಿವರೆಗೆ ಅಂತ ಇತ್ತು. ಆ ಲೆಕ್ಕದಲ್ಲಿ ನಿಮಗೆ 2.4 ಲಕ್ಷದವರೆಗೆ. ಪ್ಲಾಸ್ಟಿಕ್ ಘಟಕಕ್ಕೆ ತಾಲೂಕಿಗೊಂದರಂತೆ 16 ಲಕ್ಷದವರೆಗೆ ಬೇರೆಯೇ ಇತ್ತು. ಬೇಲಿಂಗ್ ಮಷಿನ್ ಇರಬೇಕಾದದ್ದು ಅಲ್ಲಿ. ಉಬ್ಬಿದ ಪ್ಲಾಸ್ಟಿಕ್ ತೂಕವಾಗುವ ಮೊದಲೇ ಲಾರಿ ತುಂಬಿಬಿಡುತ್ತದೆ, ಅದಕ್ಕೇ ದೂರ ಸಾಗಿಸುವ ಮುಂಚೆ ಅಮುಕಬೇಕು. ತಾಲೂಕಿನವರೆಗೆ ಚೀಲ ಕಟ್ಟಿ ಕಳಿಸಿದರೆ ನಡೆಯುತ್ತದೆ.

ನಿಮ್ಮ ಹಣ ಸೂರಿಗೆ, ನೆಲಕ್ಕೆ ಹಾಕಿ. ನಾನು ಸೇರಿದ ಮೊದಲ ಜುಲೈನಲ್ಲಿ ಬದಿಯ ತಾಡಪಾಲು ಹರಿದು ಎರಡು ತಿಂಗಳ ರಟ್ಟಿಗೆ ಎರಚಲು ಹೊಡೆಯಿತು. ಮೇಲೆಲ್ಲ ಒಣಗಿದಂತೆ ಕಾಣುತ್ತಿತ್ತು. ಗುಜರಿಯವನು ಕಟ್ಟಿನ ನಡುವೆ ಹೆಬ್ಬೆರಳು ಒತ್ತಿದ, ಗುರುತು ಹಾಗೇ ಉಳಿಯಿತು. ಒಂದು ಮಾತೂ ಆಡದೆ ಗಾಡಿ ತಿರುಗಿಸಿಕೊಂಡು ಹೋದ. ಎರಡು ತಿಂಗಳು ವಿಂಗಡಿಸಿದ ಹೆಂಗಸರು ನಿಂತು ನೋಡುತ್ತಿದ್ದರು, ಅದು ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ತಗಡನ್ನು ನಾಲ್ಕೂ ಕಡೆ ಹೊರಗೆ ಚಾಚಿಸಿ, ನೆಲ ಎತ್ತರಿಸಿ ಸಿಮೆಂಟ್ ಹಾಕಿಸಿದೆವು.

ಇನ್ನೊಂದು, ಸೊಂಟದೆತ್ತರದ ವಿಂಗಡಣೆ ಮೇಜು. ದಿನವಿಡೀ ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ ಅಲ್ಲ ಇದು. ಮೇಜು ಬಂದ ಮೇಲೆ ನಮ್ಮಲ್ಲಿ ಮಂಡಿನೋವು ಅಂತ ರಜೆ ಹಾಕುವುದು ಕಡಿಮೆಯಾಯಿತು. ತೂಕದ ಯಂತ್ರ, ಒಂದು ರಿಜಿಸ್ಟರ್ ಇರಲಿ, ದಿನದ ತೂಕ ಬರೆಯಿರಿ.

ಹಣ ಖರ್ಚು ಮಾಡುವ ಮುಂಚೆ ತಾಲೂಕು ಪಂಚಾಯಿತಿಗೆ ಹೋಗಿ ಎರಡು ವಿಷಯ ಬರವಣಿಗೆಯಲ್ಲಿ ಪಡೆಯಿರಿ: ಮಾರಾಟವಾಗದ ಮಾಲನ್ನು ತಿಂಗಳಿಗೆ ಎಷ್ಟು ಸಲ ಒಯ್ಯುತ್ತಾರೆ, ಗಾಡಿ ಬಾಡಿಗೆ ಯಾರದು. ಸೂರಿನ ಕೆಲಸವನ್ನು ಮಾತ್ರ ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಿ.